ಹೆಪ್ಪಿಗೆ ಕಡಿವಾಣ ಹಾಕುವ ಪ್ರೋಟೀನು

ಮಂಗಸೂಳಿ ಎಂದರೆ ಹೊರಗಿನವರಿಗೆ ಖಂಡೋಬಾ, ಕನ್ನಡಿಗರ ಮಲ್ಲಯ್ಯ, ಗಾಳಿಗೆ ತೂರುವ ಅರಿಶಿನದ ಭಂಡಾರ. ಊರಿನವರಿಗೆ ಅದರ ಜೊತೆಗೆ ಕಬ್ಬು. ಕಾಗವಾಡ ತಾಲ್ಲೂಕಿನ ಈ ಸೀಮೆಯಲ್ಲಿ ಕಬ್ಬು ಕಡಿಯುವಾಗ ಕೊಯ್ತಾ ಬೆರಳಿಗೆ ತಾಗುವುದು ಹೊಸದೇನಲ್ಲ. ಚಿಟಿಕೆ ಅರಿಶಿನ ಒತ್ತಿ, ಬಟ್ಟೆ ಸುತ್ತಿದರೆ ಸ್ವಲ್ಪ ಹೊತ್ತಿಗೆ ರಕ್ತ ನಿಲ್ಲುತ್ತದೆ. ಕೀರ್ತಿ ಅರಿಶಿನಕ್ಕೆ, ದುಡಿದದ್ದು ಥ್ರಾಂಬಿನ್.

ಥ್ರಾಂಬಿನ್ ಒಂದು ಕಿಣ್ವ. ರಕ್ತದಲ್ಲಿ ಕರಗಿರುವ ಫೈಬ್ರಿನೋಜೆನ್ ಅನ್ನು ಎಳೆಎಳೆಯಾಗಿ ನೇಯ್ದು ಗಾಯದ ಬಾಯಿ ಮುಚ್ಚುವುದು ಅದೇ. ಆದರೆ ಆ ನೇಯ್ಗೆ ಬೆರಳಿನಲ್ಲೇ ಏಕೆ ನಿಲ್ಲುತ್ತದೆ? ಕಬ್ಬಿಗೆ ನೀರು ಹಾಯಿಸುವವನು ಒಡ್ಡು ಒಡೆದ ಕಡೆ ಮಾತ್ರ ಸಲಿಕೆ ಮಣ್ಣು ಹಾಕುತ್ತಾನೆ, ಕಾಲುವೆಯನ್ನೇ ಮುಚ್ಚುವುದಿಲ್ಲ. ರಕ್ತನಾಳದಲ್ಲಿ ಆ ಎಚ್ಚರ ಯಾರದು?

ಬಹುಪಾಲು ನಾಳದ ಒಳಮೈಯದ್ದೇ. ಆ ಒಳಪದರದ ಜೀವಕೋಶಗಳ ಮೇಲೆ ಥ್ರಾಂಬೊಮಾಡ್ಯುಲಿನ್ ಎಂಬ ಪ್ರೋಟೀನು ಕಾದಿರುತ್ತದೆ. ಗಾಯದಿಂದ ತೇಲಿಬಂದ ಥ್ರಾಂಬಿನ್ ಇದರ ಕೈಗೆ ಸಿಕ್ಕಿತೋ, ಅದರ ಬುದ್ಧಿಯೇ ಬದಲು. ಎಳೆ ನೇಯುವುದನ್ನು ಬಿಟ್ಟು ‘ಪ್ರೋಟೀನ್ ಸಿ’ಯನ್ನು ಎಬ್ಬಿಸುತ್ತದೆ. ಎದ್ದ ಪ್ರೋಟೀನ್ ಸಿ, ಹೆಪ್ಪುಗಟ್ಟಿಸುವ ಐದನೇ ಮತ್ತು ಎಂಟನೇ ಅಂಶಗಳನ್ನು ಕತ್ತರಿಸಿ ಹಾಕುತ್ತದೆ. ಹೊಸ ಥ್ರಾಂಬಿನ್ ಹುಟ್ಟುವ ದಾರಿಯೇ ಬಂದ್! ಬೆಂಕಿ ಹಚ್ಚುವವನ ಕೈಗೇ ನೀರಿನ ಕೊಡ ಕೊಟ್ಟ ಹಾಗೆ.

1981ರಲ್ಲಿ ಅಮೆರಿಕದ ಚಾರ್ಲ್ಸ್ ಎಸ್ಮನ್ ಮತ್ತು ವೈಟ್ ಓವನ್ ಇದನ್ನು ಪತ್ತೆಹಚ್ಚಿದರು. ಹೃದಯದ ರಕ್ತನಾಳಗಳೊಳಗೆ ಥ್ರಾಂಬಿನ್ ಮತ್ತು ಪ್ರೋಟೀನ್ ಸಿ ಹರಿಸಿದಾಗ, ಗಾಜಿನ ನಳಿಕೆಯಲ್ಲಿ ಆಮೆಯಂತೆ ತೆವಳುತ್ತಿದ್ದ ಕ್ರಿಯೆ ಸಾವಿರಾರು ಪಟ್ಟು ವೇಗ ಪಡೆಯಿತು. ಜಪಾನ್ 2008ರಲ್ಲಿ ಥ್ರಾಂಬೊಮಾಡ್ಯುಲಿನ್‌ನ ಕೃತಕ ರೂಪವನ್ನು, ಮೈಯೆಲ್ಲ ಹೆಪ್ಪುಗಟ್ಟುವ ಕಾಯಿಲೆಗೆ ಔಷಧವಾಗಿ ಒಪ್ಪಿತು.

ಈ ಕಡಿವಾಣವೂ ಸೋಲುವ ಒಂದು ಸಂದರ್ಭ ಕಬ್ಬಿನ ಸೀಮೆಗೆ ಚೆನ್ನಾಗಿ ಗೊತ್ತು. ಇಲಿ ಇದ್ದಲ್ಲಿ ಕೊಳಕು ಮಂಡಲ ಹಾವು ಬರುತ್ತದೆ. ಅದರ ವಿಷ ಹೆಪ್ಪಿನ ಸರಪಳಿಯ ಹತ್ತನೇ ಮತ್ತು ಐದನೇ ಅಂಶಗಳನ್ನು ನೇರವಾಗಿ ಕೆರಳಿಸುತ್ತದೆ. ಮೈತುಂಬ ಥ್ರಾಂಬಿನ್ ಉಕ್ಕಿ, ಫೈಬ್ರಿನೋಜೆನ್ ದಾಸ್ತಾನೇ ಮುಗಿದುಹೋಗುತ್ತದೆ. ಆಮೇಲೆ ಒಸಡಿನಲ್ಲಿ, ಮೂತ್ರದಲ್ಲಿ ರಕ್ತ.

ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಡ. ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ 2 ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ನಂತರ ಒಮ್ಮೆ ಓರೆ ಮಾಡುತ್ತಾರೆ. ಗಟ್ಟಿಯಾಗಿ ಕೂತಿದ್ದರೆ ಸದ್ಯಕ್ಕೆ ಸಮಾಧಾನ, ನೀರಿನಂತೆ ಹರಿದರೆ ಪ್ರತಿವಿಷ ಬೇಕೇ ಬೇಕು. ಪ್ಲಾಸ್ಟಿಕ್ ನಳಿಕೆ ನಡೆಯದು. ರಕ್ತವನ್ನು ಹೆಪ್ಪಿಗೆ ಪ್ರೇರೇಪಿಸುವುದೇ ಗಾಜಿನ ಮೈ.

ತಮಾಷೆಯೆಂದರೆ, 1934ರಲ್ಲಿ ಲಂಡನ್ನಿನ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಇದೇ ವಿಷವನ್ನು ತೆಳುಮಾಡಿ, ಹಿಮೋಫಿಲಿಯಾ ರೋಗಿಗಳ ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸಿದ್ದರು. ಇಂದಿಗೂ ಪ್ರಯೋಗಾಲಯಗಳಲ್ಲಿ ಒಂದು ಹೆಪ್ಪು ಪರೀಕ್ಷೆಗೆ ಕೊಳಕು ಮಂಡಲದ ವಿಷವೇ ಆಧಾರ.

2024ರಿಂದ ಕರ್ನಾಟಕದಲ್ಲಿ ಹಾವು ಕಡಿತ ಅಧಿಸೂಚಿತ ಕಾಯಿಲೆ. ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ತಿಳಿಸಲೇಬೇಕು. ಗದ್ದೆಯಲ್ಲಿ ಇರುವವರು ಮಾಡಬೇಕಾದದ್ದು ಅದಕ್ಕಿಂತ ಸರಳ: ಹಗ್ಗ ಬಿಗಿಯಬೇಡಿ, ಕಡಿದ ಜಾಗ ಕೊಯ್ಯಬೇಡಿ, ಅರಿಶಿನ ಹುಡುಕುತ್ತ ಕೂರಬೇಡಿ. ಕಡಿದ ಕಾಲನ್ನು ಅಲುಗಿಸದೆ ಇಟ್ಟು, 108ಕ್ಕೆ ಫೋನ್ ಮಾಡಿ.