ಮೊದಲು ಜಾಗ ನೋಡಿ, ಆಮೇಲೆ ಊರು ಕಟ್ಟಿ

ಜಾಗದ ಬೆಲೆ ಏನೆಂದು ತಿಳಿಯಬೇಕಾದರೆ ನಮ್ಮ ಹುಣಸಮಾರನಹಳ್ಳಿಗೆ ಬನ್ನಿ. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದದ್ದೇ ತಡ, ಬಳ್ಳಾರಿ ರಸ್ತೆ ಪಕ್ಕದ ನೆಲದ ಬೆಲೆಯೇ ಬೇರೆಯಾಯಿತು. ದಾರಿ ಮತ್ತು ವ್ಯಾಪಾರ ಕೂಡುವ ಕಡೆ ಊರು ಬೆಳೆಯುತ್ತದೆ. ಬಿ.ಇ. ಓದುವ ನಾವು ಗೆಳೆಯರು ರಾತ್ರಿ ಊಟವಾದ ಮೇಲೆ ಆನ್‌ಲೈನ್‌ನಲ್ಲಿ ಆಡುವ ‘ಕಟಾನ್’ ಆಟದ ಗುಟ್ಟೂ ಇದೇ.

ಜರ್ಮನಿಯ ಕ್ಲೌಸ್ ಟಾಯ್ಬರ್ ರೂಪಿಸಿದ ಈ ಬೋರ್ಡ್ ಗೇಮ್ ಬಂದಿದ್ದು 1995ರಲ್ಲಿ. ಈಗ ಮೊಬೈಲ್‌ನಲ್ಲೂ ಆಡಬಹುದು. ಮೂರು ಅಥವಾ ನಾಲ್ಕು ಜನ ಒಂದು ದ್ವೀಪದಲ್ಲಿ ಮರ, ಇಟ್ಟಿಗೆ, ಉಣ್ಣೆ, ಧಾನ್ಯ, ಅದಿರು ಗಳಿಸಿ, ಪರಸ್ಪರ ಬದಲಾಯಿಸಿಕೊಂಡು ರಸ್ತೆ, ಹಳ್ಳಿ, ನಗರ ಕಟ್ಟಬೇಕು. ಹಳ್ಳಿಗೆ 1 ಅಂಕ, ನಗರಕ್ಕೆ 2. ಮೊದಲು 10 ಅಂಕ ಮುಟ್ಟಿದವರೇ ಗೆದ್ದಂತೆ. ಹೊಸಬರಿಗೆ ನಾಲ್ಕು ಕಿವಿಮಾತು ಇಲ್ಲಿವೆ.

ಸಂಖ್ಯೆ ನೋಡಿ ಹಳ್ಳಿ ಇಡಿ: ಮರುಭೂಮಿಯನ್ನು ಬಿಟ್ಟು ದ್ವೀಪದ ಪ್ರತಿ ತುಂಡಿನ ಮೇಲೂ ಒಂದು ಸಂಖ್ಯೆ ಇರುತ್ತದೆ. ಎರಡು ದಾಳಗಳ ಮೊತ್ತ ಅದೇ ಬಂದರೆ ಆ ತುಂಡಿನ ಮೂಲೆಯಲ್ಲಿರುವ ಹಳ್ಳಿಗೆ ಸರಕು ಸಿಗುತ್ತದೆ. ದಾಳಗಳು ಬೀಳುವ 36 ಬಗೆಗಳಲ್ಲಿ 6 ಮತ್ತು 8 ತಲಾ ಐದು ಸಲ ಬರುತ್ತವೆ, 2 ಮತ್ತು 12 ಒಂದೊಂದೇ ಸಲ. ಪಿಯುಸಿಯಲ್ಲಿ ಓದಿದ ಪ್ರಾಬಬಿಲಿಟಿ ಕೊನೆಗೂ ಉಪಯೋಗಕ್ಕೆ ಬಂತು ನೋಡಿ!

ಆರಂಭಕ್ಕೆ ಮರ, ಇಟ್ಟಿಗೆ: ರಸ್ತೆಗೆ ಇವೆರಡು ಒಂದೊಂದು ಸಾಕು. ಹಳ್ಳಿಗೆ ಇವುಗಳ ಜತೆ ಉಣ್ಣೆ, ಧಾನ್ಯವೂ ಒಂದೊಂದು ಬೇಕು. ಹಳ್ಳಿಯನ್ನು ನಗರ ಮಾಡಲು 3 ಅದಿರು, 2 ಧಾನ್ಯ. ಹಾಗಾಗಿ ಅದಿರಿನ ಚಿಂತೆ ಸ್ವಲ್ಪ ತಡವಾದರೂ ನಡೆಯುತ್ತದೆ.

ಕೂಡಿಡಬೇಡಿ: ಎಲ್ಲಕ್ಕಿಂತ ಹೆಚ್ಚು ಬರುವ ಮೊತ್ತ 7. ಆಗ ಕೈಯಲ್ಲಿ ಏಳಕ್ಕಿಂತ ಹೆಚ್ಚು ಕಾರ್ಡ್ ಇದ್ದವರು ಅರ್ಧ ಕಳೆದುಕೊಳ್ಳುತ್ತಾರೆ. ಜತೆಗೆ ಕಳ್ಳನೂ ಬಂದು ಒಂದು ತುಂಡಿನ ಮೇಲೆ ಕೂರುತ್ತಾನೆ. ಅವನು ಏಳುವವರೆಗೆ ಅಲ್ಲಿಂದ ಯಾರಿಗೂ ಏನೂ ಇಲ್ಲ.

ಚೌಕಾಸಿ ಕಲಿಯಿರಿ: ಬ್ಯಾಂಕು ಒಂದೇ ಬಗೆಯ 4 ಕಾರ್ಡ್ ತೆಗೆದುಕೊಂಡು ಒಂದು ಕೊಡುತ್ತದೆ. ಬಂದರಿನಲ್ಲಿ ಹಳ್ಳಿ ಇದ್ದರೆ 3 ಅಥವಾ 2 ಸಾಕು. ಗೆಳೆಯರಾದರೆ ಒಂದಕ್ಕೊಂದು ಕೊಟ್ಟಾರು. ಕೆಂಪೇಗೌಡರು 1537ರಲ್ಲಿ ಕಟ್ಟಿದ ಬೆಂಗಳೂರು ನಿಂತಿದ್ದೂ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆಗಳ ಕೊಡು-ಕೊಳ್ಳುವಿಕೆಯ ಮೇಲಲ್ಲವೇ? ಇಬ್ಬರಿಗೂ ಲಾಭವಾಗುವಂತೆ ಕೇಳಿ. ಒಮ್ಮೆ ದುರಾಸೆ ತೋರಿಸಿದರೆ ಮುಂದಿನ ಸಲ ಯಾರೂ ಓಗೊಡುವುದಿಲ್ಲ. ಎಂಟು ಅಂಕ ದಾಟಿದವರಿಗೆ ಮಾತ್ರ ಏನನ್ನೂ ಕೊಡಬೇಡಿ!

ಯಾದಗಿರಿ ಕಡೆಯ ನನ್ನ ರೂಮ್‌ಮೇಟ್ ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು. ಮೊದಲ ವರ್ಷ ತರಗತಿಯಲ್ಲಿ ಬಾಯಿ ಬಿಟ್ಟವನೇ ಅಲ್ಲ. ಕಾಲೇಜು ಬಿಟ್ಟು ಊರಿಗೆ ಹೋಗುವ ಮಾತನ್ನೂ ಆಡಿದ್ದ. ಆದರೆ ಈ ಆಟದಲ್ಲಿ ಬಾಯಿ ಬಿಡದಿದ್ದರೆ ಒಂದು ಇಟ್ಟಿಗೆಯೂ ಹುಟ್ಟುವುದಿಲ್ಲ. “ಎರಡು ಉಣ್ಣೆ ಕೊಡ್ತೀನಿ, ಒಂದು ಇಟ್ಟಿಗಿ ಕೊಡಲೇ” ಎಂದು ಶುರು ಮಾಡಿದವನು ಈಗ ನಮ್ಮೆಲ್ಲರನ್ನೂ ಮಾತಿನಲ್ಲೇ ಗೆಲ್ಲುತ್ತಾನೆ. ಕಳೆದ ಸೆಮಿಸ್ಟರ್‌ನಲ್ಲಿ ಸೆಮಿನಾರನ್ನೂ ಕೊಟ್ಟ. ಊರಿಗೆ ಹೋಗುವ ಮಾತು ಈಗ ಹಬ್ಬದ ರಜೆಗೆ ಮಾತ್ರ.

ನಾವು ಒಂದು ಆಟಕ್ಕೆ ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತೇವೆ. ನೀವೂ ಆಡಿ ನೋಡಿ. ಮರುದಿನ ಇಂಟರ್ನಲ್ಸ್ ಇದ್ದರೆ ಮಾತ್ರ ದ್ವೀಪದ ಕಡೆ ತಲೆ ಹಾಕಬೇಡಿ.