ಜರ್ಮನ್ ಸೈನಿಕರ ಹಳೆಯ ಪದಕಗಳೆಲ್ಲ ಹಿಟ್ಲರ್ ಕಾಲದವೇ? ರಿಬ್ಬನ್ ನೋಡಿ ಹೇಳಿ

ಸಾಲಾಗಿ ಜೋಡಿಸಿದ ಪದಕಗಳ ಫೋಟೊ, ಕೆಳಗೆ 'ಹಿಟ್ಲರ್ ಸೈನಿಕನದ್ದು' ಎಂಬ ಬರಹ. ಇಂಥ ಫಾರ್ವರ್ಡ್ ಬಂದರೆ ಮೊದಲು ರಿಬ್ಬನ್‌ ಬಣ್ಣ ನೋಡೋಣ.

ಐರನ್ ಕ್ರಾಸ್ ಹಿಟ್ಲರ್ ತಂದ ಪದಕವಲ್ಲ. ನೆಪೋಲಿಯನ್ ವಿರುದ್ಧದ ಯುದ್ಧದ ವೇಳೆ, 1813ರಲ್ಲಿ ಪ್ರಷ್ಯಾದ ರಾಜ ಇದನ್ನು ಆರಂಭಿಸಿದ. 1914ರಲ್ಲಿ ರಣರಂಗದ ಯೋಧರಿಗೆ ಕೊಟ್ಟ ಪದಕದ ರಿಬ್ಬನ್ ಕಪ್ಪು, ಅಂಚಿನಲ್ಲಿ ಬಿಳಿ ಪಟ್ಟೆ. ಹಿಟ್ಲರ್ 1939ರಲ್ಲಿ ಮತ್ತೆ ಜಾರಿಗೆ ತಂದಾಗ ನಡುವೆ ಅಗಲವಾದ ಕೆಂಪು ಪಟ್ಟೆ ಬಂತು.

ಹಾಗೆಂದು ಕೆಂಪು ಕಂಡ ಕೂಡಲೇ ತೀರ್ಮಾನಿಸಬೇಡಿ. ಮೊದಲ ಮಹಾಯುದ್ಧದಲ್ಲಿ ಹೋರಾಡಿದವರಿಗೆ 1934ರಿಂದ ಕೊಟ್ಟ ಗೌರವ ಪದಕದ ರಿಬ್ಬನ್‌ನಲ್ಲೂ ಕಪ್ಪು, ಬಿಳಿ, ಕೆಂಪು ಇವೆ. ಸತ್ತ ಸೈನಿಕರ ವಿಧವೆಯರು, ತಂದೆ-ತಾಯಂದಿರಿಗೂ ಅದು ಸಿಕ್ಕಿತ್ತು.

ಪದಕಗಳ ಸಾಲನ್ನು ಯಾವಾಗ ಜೋಡಿಸಿದ್ದೆಂದು ತಿಳಿಯಲು ಅದರಲ್ಲಿರುವ ಅತಿ ಹೊಸ ಪದಕ ಹುಡುಕಿ. ಆದರೆ ಅದನ್ನು ಧರಿಸಿದವ ಯಾರ ಪರ ಇದ್ದ ಎಂಬುದನ್ನು ರಿಬ್ಬನ್ ಹೇಳುವುದಿಲ್ಲ.