ತಳಿಗೆಯ ಆಯ್ಕೆ
ದೇವದುರ್ಗ ತಾಲ್ಲೂಕಿನ ಗೂಗಲ್ಲಿಗೆ, ಕೃಷ್ಣೆಯ ದಡದ ಅಲ್ಲಮಪ್ರಭುಗಳ ಸನ್ನಿಧಿಗೆ ಬುತ್ತಿ ಕಟ್ಟಿಕೊಂಡು ಹೋಗುವ ಕುಟುಂಬಗಳು ಎಂತಹ ತಟ್ಟೆ ಒಯ್ಯಬೇಕು? ಪ್ರಶ್ನೆ ಸಣ್ಣದೆನಿಸಬಹುದು. ನಮ್ಮ ಅನೇಕ ಹಿರಿಯರು ಅಡ್ಡಣಿಗೆಯ ಮೇಲೆ ತಳಿಗೆಯಿಟ್ಟು ಉಂಡು, ಅದನ್ನು ಬೆರಳಿನಿಂದ ಬಳಿದು, ತೊಳೆದ ನೀರನ್ನೂ ಕುಡಿಯುತ್ತಿದ್ದರು. ಪ್ರಸಾದದ ಅಗುಳೊಂದೂ ವ್ಯರ್ಥವಾಗಬಾರದೆಂಬುದೇ ಅದರ ಭಾವ. ಉಂಡು ಎಸೆಯುವ ತಟ್ಟೆಯಲ್ಲಿ ಈ ಆಚಾರಕ್ಕೆ ಎಡೆಯೆಲ್ಲಿದೆ? ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಚಮಚಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧವೂ ಆಗಿವೆ. ಮುತ್ತುಗದ ಎಲೆ ಮಣ್ಣಿಗೆ ಸೇರುವುದು ನಿಜ. ಆದರೂ ತೊಳೆದು ಕುಡಿಯಲು ಸ್ಟೀಲಿನ ತಟ್ಟೆಯೇ ಲೇಸು.

ಚಮಚವನ್ನು ನಾವು ಹಳಿಯುವುದಿಲ್ಲ. ಹುಗ್ಗಿಗೆ, ಎಳೆಯ ಮಕ್ಕಳಿಗೆ ಅದು ಒಪ್ಪುವುದು. ಜೋಳದ ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿಕೊಳ್ಳಲು ಮಾತ್ರ ಬೆರಳುಗಳೇ ಬೇಕು. ಬಡಿಸುವ ತಾಯಂದಿರಲ್ಲಿ ಒಂದು ವಿನಂತಿ: ಮೊದಲ ಸಲ ಅರ್ಧ ರೊಟ್ಟಿಯನ್ನೇ ನೀಡಿರಿ, ಬೇಕೆಂದವರಿಗೆ ಮತ್ತೆ ನೀಡಬಹುದು.